ಕುದುರೆಯಾಳಿಗೆ ಎಡೆ ಇಟ್ಟ ನಮ್ಮತ್ತೆ

ಸಿನಿಮಾದಲ್ಲಿ ಸತ್ತವನಿಗೆ ಮನೆಯಲ್ಲಿ ಎಡೆ ಇಟ್ಟವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಾರಿರಿ. ಏಕೆಂದರೆ ಅಂಥವರು ಈ ಭೂಮಿಯ ಮೇಲೆ ಒಬ್ಬರೇ ಇರುವುದು, ಆ ಒಬ್ಬರು ನಮ್ಮತ್ತೆ! ಹಾಗಂತ ಆ ಪಾತ್ರ ಮಾಡಿದ ನಟ ತೀರಿಕೊಂಡಿದ್ದ ಎಂದುಕೊಳ್ಳಬೇಡಿ. ಆ ಪುಣ್ಯಾತ್ಮ ಗಟ್ಟಿಮುಟ್ಟಾಗಿದ್ದಾನೆ, ಮೊನ್ನೆ ತಾನೇ ಟೀವಿಯ ಜಾಹೀರಾತಿನಲ್ಲಿ ಸಿಮೆಂಟಿನ ಗೋಡೆಗೆ ಗುದ್ದುತ್ತಿದ್ದ. ಸತ್ತದ್ದು ಅವನು ಮಾಡಿದ್ದ ಕುದುರೆಯಾಳಿನ ಪಾತ್ರ. ಆ ಪಾತ್ರಕ್ಕೆ ಮಹಾಲಯ ಅಮಾವಾಸ್ಯೆಯ ದಿನ, ನಮ್ಮ ಮನೆಯ ಹಿರಿಯರ ಎಲೆಗಳ ಸಾಲಿನಲ್ಲೇ ಒಂದು ಬಾಳೆಲೆ ಹಾಸಿ, ವಡೆ ಪಾಯಸ ಬಡಿಸಿ, ಧೂಪ ಹಾಕಿ ಕೈಮುಗಿದವಳು ನಮ್ಮತ್ತೆ. ಆಮೇಲೆ ಆ ಸಿನಿಮಾದ ಭಾಗ ಎರಡು ಬಂತು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ಕಣಕಟ್ಟೆಯ ತವರಿಗೆ ವಾಪಸು ಬಂದವಳು. ಬಂದವಳು ಅಳುತ್ತಾ ಮೂಲೆಯಲ್ಲಿ ಕೂರಲಿಲ್ಲ. ತೆಂಗಿನ ತೋಟಕ್ಕೆ ನೀರು ಕಟ್ಟಿದಳು, ರಾಗಿ ಹೊಲಕ್ಕೆ ಆಳು ಕರೆದಳು, ತಾಯಿಯಿಲ್ಲದ ತಮ್ಮಂದಿರಿಬ್ಬರನ್ನು ಕಿವಿ ಹಿಂಡಿ ಸಾಕಿದಳು. ಆ ಇಬ್ಬರಲ್ಲಿ ದೊಡ್ಡವರು ನಮ್ಮಪ್ಪ. ಇಷ್ಟೆಲ್ಲ ಮಾಡಿದ ಮೇಲೆ ಒಂದು ಚಟ ಬೇಡವೇ ಮನುಷ್ಯರಿಗೆ? ಅತ್ತೆಗೆ ಸಿನಿಮಾದ ಚಟ ಹತ್ತಿತು. ನಾನು ಅರಸೀಕೆರೆಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದು, ಅಲ್ಲೇ ಸಂಸಾರ ಹೂಡಿರುವುದರಿಂದ, ಹೊಸ ಸಿನಿಮಾ ಬಂದಾಗಲೆಲ್ಲ ಅತ್ತೆ ಕಣಕಟ್ಟೆ ಬಸ್ಸು ಹತ್ತಿ ಬಂದು ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾಳೆ. "ಬಾರೇ, ಹೋಗಿ ನೋಡ್ಕಂಡು ಬರಾಣ, ಏನು ಕೆಡಿಸವ್ರೋ" ಎನ್ನುವುದೇ ಅವಳ ಕರೆಯುವ ರೀತಿ. ನೋಡುವ ಮೊದಲೇ ಕೆಟ್ಟಿರುತ್ತದೆ ಎಂದು ಗ್ಯಾರಂಟಿ, ಆದರೂ ನೋಡಲೇಬೇಕು! ಇಂಥವರನ್ನು ಏನು ಮಾಡೋಣ ಹೇಳಿ?

ಈಗಿನ ಕಾಲದಲ್ಲಿ ಯಾವ ಸಿನಿಮಾ ತಾನೇ ಒಂದು ಭಾಗದಲ್ಲಿ ಮುಗಿಯುತ್ತದೆ? ಭಾಗ ಒಂದು, ಭಾಗ ಎರಡು, ಭಾಗ ಎರಡಕ್ಕೂ ಮುಂಚಿನ ಕತೆ, ಮುಗಿದ ಮೇಲಿನ ಕತೆ! ಅತ್ತೆ ಎಲ್ಲವನ್ನೂ ನೋಡುತ್ತಾಳೆ, ಎಲ್ಲಕ್ಕೂ ಬೈಯುತ್ತಾಳೆ. ಅವಳ ವಿಮರ್ಶೆಯ ದಾರಿಯೇ ಬೇರೆ. ಛಾಯಾಗ್ರಹಣ, ಸಂಗೀತ, ಗ್ರಾಫಿಕ್ಸು ಇವೆಲ್ಲ ಅವಳಿಗೆ ಲೆಕ್ಕಕ್ಕಿಲ್ಲ. ನೆಂಟರು ಮನೆಗೆ ಬಂದಾಗ ಹೇಗೆ ವಿಚಾರಿಸುತ್ತಾಳೋ ಹಾಗೆಯೇ ಸಿನಿಮಾದವರನ್ನೂ ವಿಚಾರಿಸುತ್ತಾಳೆ.

ಒಂದು ಹಳ್ಳಿ ಕತೆಯ ಭಾಗ ಎರಡಕ್ಕೆ ಹೋಗಿದ್ದೆವು. ಹೀರೋ ಈಗ ಮುಂಬೈಯಲ್ಲಿ ದೊಡ್ಡ ಡಾನ್. ಕಾರುಗಳು ಗಾಳಿಯಲ್ಲಿ ಹಾರುತ್ತಿವೆ, ಕಟ್ಟಡಗಳು ಉರುಳುತ್ತಿವೆ, ಜನ ಸೀಟಿನ ಮೇಲೆ ನಿಂತು ಕುಣಿಯುತ್ತಿದ್ದಾರೆ. ಅತ್ತೆ ನನ್ನ ತೋಳು ತಿವಿದು ಕೇಳಿದಳು, "ಎಮ್ಮೆ ಎಲ್ಲೇ?"

"ಯಾವ ಎಮ್ಮೆ?"

"ಮೊದ್ಲನೇದ್ರಲ್ಲಿ ಅವ್ರಮ್ಮ ಒಂದು ಎಮ್ಮೆ ಸಾಕಿರ್ಲಿಲ್ವಾ? ತುಂಬಿದ ಗಬ್ಬ ಬೇರೆ! ಅದೇನಾಯ್ತು? ಮಾರುದ್ರಾ? ಕರ ಹಾಕ್ತಾ? ಒಂದು ಮಾತಾದ್ರೂ ಹೇಳ್ಬ್ಯಾಡ್ವಾ?"

ನಾನು ಬಾಯಿ ಮುಚ್ಚಿಸಲು ನೋಡಿದೆ. ಆಗುತ್ತದೆಯೇ? ಸಿನಿಮಾ ಬಿಟ್ಟ ಮೇಲೆ ಅತ್ತೆ ನೇರವಾಗಿ ಮ್ಯಾನೇಜರ್ ಹತ್ತಿರ ಹೋದಳು. ಪಾಪ, ಆ ಮನುಷ್ಯನಿಗೂ ಎಮ್ಮೆಗೂ ಏನು ಸಂಬಂಧ! ಅವರು ಎದ್ದು ನಿಂತು ಬಹಳ ಮರ್ಯಾದೆಯಿಂದ, "ಅಮ್ಮಾ, ಭಾಗ ಮೂರರಲ್ಲಿ ಬತ್ತದಂತೆ" ಎಂದು ಹೇಳಿ ಪಾರಾದರು. ಅತ್ತೆ ಈಗಲೂ ಭಾಗ ಮೂರಕ್ಕೆ ಕಾಯುತ್ತಿದ್ದಾಳೆ. ಹೀರೋ ಏನಾದ ಎಂದು ತಿಳಿಯಲು ಇಡೀ ದೇಶ ಕಾಯುತ್ತಿದ್ದರೆ, ಎಮ್ಮೆ ಏನಾಯಿತು ಎಂದು ತಿಳಿಯಲು ನಮ್ಮತ್ತೆ!

ಭಾಗ ಎರಡರ ಮೇಲಿನ ಅವಳ ಸಿಟ್ಟು ಸಿನಿಮಾ ದಾಟಿ ಗುಡಿಗಳ ತನಕ ಹೋಗಿದ್ದೂ ಉಂಟು. ಒಮ್ಮೆ ನನ್ನ ಗಂಡನ ಕಡೆಯವರನ್ನು ಬೇಲೂರು ಹಳೇಬೀಡು ತೋರಿಸಲು ಕರೆದುಕೊಂಡು ಹೋಗಿದ್ದೆವು. ಬೆಳಿಗ್ಗೆ ಬೇಲೂರು ಮುಗಿಸಿ ಮಧ್ಯಾಹ್ನ ಹಳೇಬೀಡಿಗೆ ಬಂದರೆ ಅಲ್ಲೊಬ್ಬ ಗೈಡು, ಮಾದಿಹಳ್ಳಿ ಕಡೆಯವನು, ಒಳ್ಳೆಯ ಮಾತುಗಾರ. "ನೋಡಿ ಸಾರ್, ಬೇಲೂರು ಕಟ್ಟಿದ ಮೇಲೆ ಅದನ್ನೂ ಮೀರಿಸ್ಬೇಕು ಅಂತ ಇದನ್ನ ಕಟ್ಟಕ್ಕೆ ಶುರು ಮಾಡಿದ್ರು" ಎಂದು ಆರಂಭಿಸಿದ.

ಅತ್ತೆಯ ಕಿವಿ ನೆಟ್ಟಗಾಯಿತು. "ಅಂದ್ರೆ ಇದು ಭಾಗ ಎರಡು ಅನ್ನಪ್ಪ!"

ಗೈಡು ನಕ್ಕು, "ಅಂಗೇ ಅನ್ಕಳಿ ಅಮ್ಮ" ಎಂದ.

"ಅದಕ್ಕೇ ಗೋಪುರ ಇಲ್ಲ. ಮೊದ್ಲನೇದನ್ನ ಮೀರಿಸ್ತೀನಿ ಅಂತ ಹೊರಟೋರು ಯಾರು ಪೂರ್ತಿ ಮಾಡವ್ರೆ?"

ಗೈಡಿಗೆ ರೋಷ ಬಂತು. ಅವನ ಊರ ಪಕ್ಕದ ಗುಡಿಯಲ್ಲವೇ? ಗೋಡೆಯ ಮೇಲಿನ ಆನೆ ಸಾಲು, ಕುದುರೆ ಸಾಲು, ಹಂಸದ ಸಾಲು ಒಂದೊಂದನ್ನೂ ತೋರಿಸಿ, ಇಂಥದ್ದು ಬೇಲೂರಿನಲ್ಲಿ ಇದೆಯೇ ಎಂದು ಸವಾಲು ಹಾಕಿದ. ಅತ್ತೆ ಸೆರಗಿನ ಗಂಟಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾ ಒಂದೊಂದನ್ನೂ ನಿಧಾನವಾಗಿ ನೋಡಿದಳು. ಕೊನೆಗೆ ತೀರ್ಪು ಕೊಟ್ಟಳು. "ಚೆನ್ನಾಗೈತೆ ಕಣಪ್ಪ. ಇದೊಂದು ಭಾಗ ಎರಡು ಮಾತ್ರ ಒಪ್ಪಬೋದು. ಇವ್ರು ಅರ್ಧಕ್ಕೆ ನಿಲ್ಲಿಸಿದ್ರು, ಸುಮ್ನಾದ್ರು. ಭಾಗ ಮೂರು ಮಾಡಕ್ಕೋಗ್ಲಿಲ್ಲ ನೋಡು, ಅದು ದೊಡ್ಡತನ!" ಗೈಡು ಅವಳಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಅವನು ಬಂದವರಿಗೆಲ್ಲ ಅತ್ತೆಯ ಮಾತನ್ನೇ ಹೇಳುತ್ತಾನೆ ಎಂದು ಯಾರೋ ಹೇಳಿದರು.

ಕಾದಂಬರಿಯನ್ನು ಸಿನಿಮಾ ಮಾಡಿದರಂತೂ ಅತ್ತೆಯನ್ನು ಹಿಡಿಯುವವರೇ ಇಲ್ಲ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ಕತ್ತರಿಸಿ, ಗೋಣಿ ಹೊಲಿಯುವ ದಬ್ಬಳದಲ್ಲಿ ಪೋಣಿಸಿ ಇಟ್ಟುಕೊಂಡ ತಲೆಮಾರು ಅದು. ಅವಳು ಹಾಗೆ ಹೊಲಿದಿಟ್ಟುಕೊಂಡಿದ್ದ ಒಂದು ಕತೆಯಲ್ಲಿ ನಾಯಕ ಬಿಕ್ಕೋಡಿನ ಕಡೆ ಕಾಫಿ ತೋಟದ ರೈಟರು, ಆಳುಗಳ ಹಾಜರಿ ಬರೆಯುವವನು. ನಾಯಕಿ ಹಣ್ಣು ಬಿಡಿಸಲು ಬರುವ ಹುಡುಗಿ. ಅವನು ಕೊನೆವರೆಗೂ ತನ್ನ ಮನಸ್ಸನ್ನು ಹೇಳುವುದೇ ಇಲ್ಲ, ಅವಳು ಬೇರೆ ತೋಟಕ್ಕೆ ಹೋಗಿಬಿಡುತ್ತಾಳೆ. ಅಷ್ಟೇ ಕತೆ. ಸಿನಿಮಾದವರು ಏನು ಮಾಡಿದರು ಗೊತ್ತೇ? ರೈಟರನ್ನು ಹೆಲಿಕಾಪ್ಟರ್ ಓಡಿಸುವವನನ್ನಾಗಿ ಮಾಡಿದರು! ಹುಡುಗಿ ಹಣ್ಣಿನ ಬುಟ್ಟಿ ಹೊತ್ತುಕೊಂಡು ಧೋ ಎನ್ನುವ ಮಳೆಯಲ್ಲಿ ಕುಣಿದಳು. ಕೊನೆಗೆ ಮದುವೆಯೂ ಆಗಿಹೋಯಿತು.

ಅತ್ತೆ ಎದ್ದು ನಿಂತಳು. "ಹಣ್ಣು ಬಿಡ್ಸೋ ಕಾಲದಲ್ಲಿ ಮಳೆ ಬಂದ್ರೆ ತೋಟದೋನು ತಲೆ ಮೇಲೆ ಕೈ ಹೊತ್ಕಂಡು ಕೂರ್ತಾನೆ ಕಣ್ರಯ್ಯಾ, ಹಾಡ್ತಾನಾ?" ಎಂದು ಇಡೀ ಥಿಯೇಟರಿಗೆ ಕೇಳುವಂತೆ ಕೂಗಿದಳು. ಜನ ನಗುವಷ್ಟು ನಕ್ಕರು. ಆದರೆ ಆಚೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವಳ ದನಿ ಇಳಿದುಹೋಗಿತ್ತು. "ಮದ್ವೆ ಮಾಡ್ಸುದ್ರೆ ಆಯ್ತಾ? ಹೇಳ್ದೇ ಉಳ್ದೋಗಿದ್ದಕ್ಕೇ ಅಲ್ವೇನೇ ನಾವೆಲ್ಲ ಅದುನ್ನ ಓದಿ ಅತ್ತಿದ್ದು" ಎಂದಳು.

ಇಷ್ಟಾದರೆ ಹೋಗಲಿ ಎನ್ನಬಹುದಿತ್ತು. ಅತ್ತೆಯ ಜೊತೆ ಸಿನಿಮಾಕ್ಕೆ ಹೋದರೆ ನಿಜವಾದ ಶಿಕ್ಷೆ ಶುರುವಾಗುವುದು ಸಿನಿಮಾ ಮುಗಿದ ಮೇಲೆ. ಪರದೆಯ ಮೇಲೆ ಹೆಸರುಗಳು ಓಡಲು ಶುರುವಾದ ಕೂಡಲೇ ಜನ ಚಪ್ಪಲಿ ಹುಡುಕಿಕೊಂಡು ಎದ್ದು ನಡೆಯುತ್ತಾರೆ. ಅತ್ತೆ ಏಳುವುದಿಲ್ಲ. ಕನ್ನಡಕ ಒರೆಸಿಕೊಂಡು, ಸೀಟಿನ ತುದಿಗೆ ಸರಿದು ಕೂರುತ್ತಾಳೆ. ಹೆಸರುಗಳೋ ಇರುವೆ ಸಾಲಿನಷ್ಟು ಸಣ್ಣವು, ಅದೂ ಇಂಗ್ಲಿಷಿನಲ್ಲಿ, ಅದೂ ಓಡುತ್ತಾ! "ಲೈಟಿನೋರ ಹೆಸ್ರು ಬಂತಾ? ಓದೇ, ಬಿರ್ರನೆ ಓದೇ" ಎಂದು ನನ್ನ ಪ್ರಾಣ ತಿನ್ನುತ್ತಾಳೆ. ಹೀರೋ, ನಿರ್ದೇಶಕ ಯಾರಾದರೂ ಆಗಲಿ, ಲೈಟು ಹಿಡಿದವರ ಹೆಸರು ಬೇಕು. ಕಸ ಗುಡಿಸುವವರು ಪೊರಕೆ ಹಿಡಿದುಕೊಂಡು ನಮ್ಮ ಸಾಲಿನ ತುದಿಯಲ್ಲಿ ಕಾಯುತ್ತಾ ನಿಂತಿರುತ್ತಾರೆ. ನಾನು ಓದುತ್ತೇನೆ, ಅವಳು ಕೇಳುತ್ತಾಳೆ. ಕೊನೆಯ ಹೆಸರೂ ಮೇಲೆ ಹೋಗಿ ಪರದೆ ಬೆಳ್ಳಗಾದ ಮೇಲೆ, "ಇದ್ರಲ್ಲೂ ಇಲ್ಲ, ನಡಿ" ಎಂದು ಏಳುತ್ತಾಳೆ.

ಅವಳು ಹುಡುಕುವ ಹೆಸರು ನಮ್ಮ ಚಿಕ್ಕಪ್ಪನದು. ಅತ್ತೆಯ ಕಿರಿಯ ತಮ್ಮ.

ನಾನು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಹಳೇಬೀಡಿನ ಗುಡಿಯ ಮುಂದೆ ಒಂದು ಹಾಡಿನ ಶೂಟಿಂಗ್ ನಡೆಯಿತು. ಅಕ್ಕ ತಮ್ಮ ಇಬ್ಬರಿಗೂ ಸಿನಿಮಾ ಹುಚ್ಚು. ಅಪ್ಪ ಬೇಡವೆಂದರೂ ಕೇಳದೆ ಅತ್ತೆಯೇ ಚಿಕ್ಕಪ್ಪನನ್ನು ಜಾವಗಲ್ಲಿನ ಮೇಲೆ ಹೋಗುವ ಬಸ್ಸಿನಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋದಳು. ಅಲ್ಲಿ ಯಾರೋ ಒಬ್ಬ ಆಳು ಬಂದಿರಲಿಲ್ಲವಂತೆ. ಬಿಸಿಲನ್ನು ನಾಯಕಿಯ ಮುಖದ ಮೇಲೆ ತಿರುಗಿಸುವ ಬೆಳ್ಳಿ ಬಣ್ಣದ ದೊಡ್ಡ ಹಲಗೆಯನ್ನು ಹಿಡಿಯಲು ಚಿಕ್ಕಪ್ಪನನ್ನು ಕರೆದರು. ಅವನು ಸಾಯಂಕಾಲದವರೆಗೂ ಹಿಡಿದುಕೊಂಡು ನಿಂತ. ಮಾರನೆಯ ದಿನ ಶೂಟಿಂಗಿನವರು ಬೇಲೂರಿಗೆ ಹೊರಟಾಗ ತಾನೂ ಹೋಗುತ್ತೇನೆಂದು ಹಟ ಹಿಡಿದ. ರಾಗಿ ಕೊಯ್ಲಿನ ಹೊತ್ತು, ಅತ್ತೆಗೆ ತಲೆ ಕೆಟ್ಟಿತ್ತು. "ಹೋದ್ರೆ ಹಂಗೇ ಹೋಗು, ವಾಪಸ್ ಬರ್ಬ್ಯಾಡ" ಎಂದುಬಿಟ್ಟಳು.

ಅವನು ಹೋದ. ಕೆಲವು ವರ್ಷ ಅಲ್ಲಿ ಕಂಡ, ಇಲ್ಲಿ ಕಂಡ ಎಂದು ಸುದ್ದಿ ಬರುತ್ತಿತ್ತು. ಬೆಂಗಳೂರಿನಲ್ಲಿ ಲೈಟ್ ಹೊರುತ್ತಿದ್ದಾನೆ ಎಂದರು, ಮದ್ರಾಸಿನಲ್ಲಿದ್ದಾನೆ ಎಂದರು. ಅಪ್ಪ ಹೋಗಿ ಹುಡುಕಿ ಬರಿಗೈಯಲ್ಲಿ ಬಂದರು. ಆಮೇಲೆ ಸುದ್ದಿಯೂ ನಿಂತಿತು. ಅತ್ತೆ ಮಾತ್ರ ಸಿನಿಮಾ ಬಿಡಲಿಲ್ಲ, ಅದರಲ್ಲೂ ಭಾಗ ಎರಡುಗಳನ್ನು. "ಮೊದ್ಲನೇದಕ್ಕೆ ಲೈಟ್ ಹಿಡ್ದೋರನ್ನೇ ಎರಡ್ನೇದಕ್ಕೂ ಕರೀಬೇಕು ಕಣೇ, ಅದೇ ಧರ್ಮ. ಮೊದ್ಲನೇದ್ರಲ್ಲಿ ನೀನು ಓದಕ್ಕೆ ತಪ್ಪಿಸಿದ್ರೂ ಎರಡ್ನೇದ್ರಲ್ಲಿ ಸಿಗ್ತಾನೆ" ಎಂಬುದು ಅವಳ ತರ್ಕ.

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ನಮ್ಮ ಮನೆಯಲ್ಲಿ ಒಂದು ಜಗಳ ಆಗುತ್ತದೆ. ಅಪ್ಪ ಮೆಲ್ಲಗೆ, "ಅಕ್ಕ, ಈ ಸಲ ಅವ್ನಿಗೂ ಒಂದೆಲೆ ಹಾಕಾಣ. ಇಷ್ಟು ಕಾಲ ಆಯ್ತು. ಎಲ್ಲೋ ಹಸ್ಕಂಡು ಅಲೀತಿದ್ರೆ ಏನು ಗತಿ?" ಎನ್ನುತ್ತಾರೆ. ಅತ್ತೆ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಾಳೆ. "ಒಂದ್ಸಲ ಬಾಯಲ್ಲಿ ಹೇಳಿದ್ದೀನಿ, ಬರ್ಬ್ಯಾಡ ಅಂತ. ಈಗ ಎಡೆ ಇಕ್ಕಿ ಇನ್ನೊಂದ್ಸಲ ಹೇಳ್ಲಾ?" ಅಲ್ಲಿಗೆ ಮಾತು ಮುಗಿಯುತ್ತದೆ. ಎಡೆ ಇಟ್ಟರೆ ಅವನು ಸತ್ತನೆಂದು ಒಪ್ಪಿದಂತೆ, ಒಪ್ಪಿದರೆ ಅವನಿಗೆ ಮನೆಗೆ ಬರುವ ದಾರಿ ಮುಚ್ಚಿದಂತೆ, ಆ ದಾರಿ ಮುಚ್ಚಿದವಳು ತಾನೇ ಆದಂತೆ. ಇದು ಅತ್ತೆಯ ಲೆಕ್ಕ. ಇದನ್ನು ಬಗೆಹರಿಸುವ ಬುದ್ಧಿ ನಮ್ಮಲ್ಲಿ ಯಾರಿಗಿತ್ತು?

ಇಂಥ ಮನೆಯಲ್ಲಿ ಸಿನಿಮಾದ ಕುದುರೆಯಾಳಿಗೆ ಎಡೆ ಬಿತ್ತು ಎಂದರೆ ಅಪ್ಪನಿಗೆ ಹೇಗಾಗಿರಬೇಡ!

ಅದು ರಾಜರ ಕಾಲದ ದೊಡ್ಡ ಸಿನಿಮಾ. ಭಾಗ ಒಂದರ ಕೊನೆಯಲ್ಲಿ ಹೀರೋನನ್ನು ಉಳಿಸಲು ಅವನ ಕುದುರೆಯಾಳು ಎದೆಗೆ ಬಾಣ ತಿಂದು ಜಲಪಾತದಿಂದ ಕೆಳಗೆ ಬೀಳುತ್ತಾನೆ. ಅವನು ಅಪ್ಪ ಅಮ್ಮ ಯಾರೂ ಇಲ್ಲದವನು, ಲಾಯದಲ್ಲಿ ಬೆಳೆದವನು, ಸಿನಿಮಾದುದ್ದಕ್ಕೂ ಕಡಲೆಕಾಯಿ ತಿನ್ನುತ್ತಾ ಎಲ್ಲರನ್ನೂ ನಗಿಸಿದವನು. ಅತ್ತೆ ಅತ್ತ ಅಳುವಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ನಮ್ಮೂರಿನ ಹುಡುಗರೆಲ್ಲ, "ಹೆಣ ತೋರ್ಸಿಲ್ಲ ಅತ್ತೆ, ಅಂದ್ಮೇಲೆ ಭಾಗ ಎರಡ್ರಲ್ಲಿ ಬಂದೇ ಬತ್ತಾನೆ" ಎಂದರು. ಅತ್ತೆ ಒಪ್ಪಲಿಲ್ಲ. ಬಾಣ ಬೆನ್ನಿನಿಂದ ಆಚೆ ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅಮಾವಾಸ್ಯೆಯ ದಿನ ಎಲೆಗಳ ಸಾಲು ನೋಡಿದರೆ ಕೊನೆಯಲ್ಲಿ ಒಂದು ಹೆಚ್ಚಿನ ಎಲೆ! ಅದರ ಮೇಲೆ ಎಲ್ಲದರ ಜೊತೆ ಒಂದು ಬೊಗಸೆ ಬೇಯಿಸಿದ ಕಡಲೆಕಾಯಿ! ಅಪ್ಪನ ಮುಖ ಅರಳಿತು. ಕೊನೆಗೂ ಅಕ್ಕ ಮನಸ್ಸು ಮಾಡಿದಳು ಎಂದುಕೊಂಡು, "ಕಡ್ಲೆಕಾಯಿ ಯಾಕಕ್ಕ? ಅವ್ನು ತಿಂತಿರ್ಲಿಲ್ವಲ್ಲ?" ಎಂದು ಕೇಳಿದರು.

"ಇದು ಅವ್ನಿಗಲ್ಲ. ಜಲಪಾತದಿಂದ ಬಿದ್ನಲ್ಲ, ಕುದ್ರೆ ನೋಡ್ಕಳೋನು, ಅವ್ನಿಗೆ. ಪಾಪ, ಹಿಂದಿಲ್ಲ ಮುಂದಿಲ್ಲ. ಅವ್ನಿಗೆ ಯಾರವ್ರೆ ಎಡೆ ಇಕ್ಕಕ್ಕೆ?"

ಅಪ್ಪ ಅಷ್ಟು ಸಿಟ್ಟಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಒಡಹುಟ್ಟಿದೋನಿಗೆ ಎಲೆ ಹಾಕು ಅಂದ್ರೆ ಬ್ಯಾಡ ಅಂತೀಯ, ಪರದೆ ಮೇಲಿನ ಬೊಂಬೆಗೆ ಹಾಕ್ತೀಯಾ? ನಿಂಗೇನು ತಲೆ ಸರೀಗೈತಾ?"

ಅತ್ತೆ ಧೂಪಕ್ಕೆ ಕೆಂಡ ಸರಿಮಾಡುತ್ತಾ ತಣ್ಣಗೆ ಹೇಳಿದಳು. "ಇವ್ನು ಸತ್ತಿದ್ದು ನಾನು ನೋಡಿದ್ದೀನಿ. ನಿನ್ ತಮ್ಮ ಸತ್ತಿದ್ದು ನೀನು ನೋಡಿದ್ದೀಯಾ?"

ಹಿರಿಯರ ಜೊತೆ ಕುದುರೆಯಾಳೂ ಅವತ್ತು ಉಂಡ. ಸುದ್ದಿ ಮಾತ್ರ ಕಣಕಟ್ಟೆಯಲ್ಲಿ ಉಳಿಯುತ್ತದೆಯೇ? ಬಸ್ಸು ಹತ್ತಿ ಅರಸೀಕೆರೆಗೆ ಬಂತು. "ಅತ್ತೇ, ನಮ್ ಬಸ್ಸಿನ ಹಳೇ ಎಂಜಿನ್ನಿಗೂ ಒಂದೆಲೆ ಹಾಕ್ಬುಡು, ಒಳ್ಳೇದಾಗ್ಲಿ" ಎಂದು ಕಂಡಕ್ಟರು ಚುಡಾಯಿಸಿದ. ನಮ್ಮ ಕಾಲೇಜಿನ ಹುಡುಗರು ನನ್ನನ್ನು ಕಂಡರೆ ಸಾಕು, ಮುಸಿಮುಸಿ ನಗುತ್ತಿದ್ದರು.

ಹೀಗಿರುವಾಗ ಬಂತಪ್ಪ ಭಾಗ ಎರಡು! ನಾವಿಬ್ಬರೂ ಹೋದೆವು. ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಶತ್ರುಗಳು ಹೀರೋನನ್ನು ಸುತ್ತುವರಿದಿದ್ದಾರೆ, ಇನ್ನೇನು ಕತ್ತಿ ಬೀಳಬೇಕು, ಅಷ್ಟರಲ್ಲಿ ಧೂಳಿನ ನಡುವಿನಿಂದ ಒಂದು ಕುದುರೆ. ಅದರ ಮೇಲೆ, ಕಡಲೆಕಾಯಿ ಸಿಪ್ಪೆ ಉಗುಳುತ್ತಾ, ನಮ್ಮ ಎಡೆ ಉಂಡ ಮಹಾಶಯ! ಥಿಯೇಟರು ಸಿಡಿದುಹೋಯಿತು. ಶಿಳ್ಳೆ, ಕೂಗು, ಹರಿದ ಕಾಗದದ ಸುರಿಮಳೆ. ಆ ಗಲಾಟೆಯ ನಡುವೆ ಒಂದು ಆಕೃತಿ ಎದ್ದು ನಿಂತಿತು. ಯಾರೆಂದು ಬೇರೆ ಹೇಳಬೇಕೇ?

"ಏಯ್! ಎಡೆ ಇಕ್ಕಿದ್ದೀನಿ ಕಣಯ್ಯಾ ನಿಂಗೆ!"

"ಕುಂತ್ಕಳಜ್ಜೀ, ಕಾಣಕಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೆಂಗೆ ಕೂರ್ಲಯ್ಯಾ? ಎಡೆ ಉಂಡೋನು ವಾಪಸ್ ಬರದು ಅಂದ್ರೇನು? ಇದ್ಯಾವ ನ್ಯಾಯ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆ ಬಿಟ್ಟು ನಮ್ಮತ್ತೆಯನ್ನೇ ನೋಡಿದರು. ನಾನು ಅವಳ ಕೈ ಹಿಡಿದು ಎಳೆದೆ. ಅವಳು ಕೊಸರಿಕೊಂಡು ಪರದೆಯನ್ನೇ ನೋಡುತ್ತಾ ನಿಂತಳು. ಸಿಟ್ಟಿಗೆಂದು ನಾನು ಆಗ ತಿಳಿದುಕೊಂಡೆ. ಮಧ್ಯಂತರದ ದೀಪ ಹತ್ತಿಕೊಳ್ಳುತ್ತಿದ್ದಂತೆ ಅತ್ತೆ ಹೊರನಡೆದಳು. ಹೆಸರುಗಳಿಗೂ ಕಾಯಲಿಲ್ಲ. ಲೈಟಿನವರ ಹೆಸರು ಕೇಳದೆ ಅತ್ತೆ ಥಿಯೇಟರಿನಿಂದ ಎದ್ದು ಬಂದದ್ದು ಅದೇ ಮೊದಲು.

ಊರಲ್ಲಿ ಆ ಭಾಗ ಎರಡರ ಬಗ್ಗೆ ದೊಡ್ಡ ವಾದವೇ ನಡೆಯಿತು. ಕುದುರೆಯಾಳು ವಾಪಸು ಬಂದದ್ದೇ ಸಿನಿಮಾದ ಜೀವ ಎಂದು ಕೆಲವರು, ಅಲ್ಲಿಗೇ ಸಿನಿಮಾ ಸತ್ತಿತು ಎಂದು ಕೆಲವರು. ಟೀ ಅಂಗಡಿಯಲ್ಲಿ ಎರಡನೆಯವರಿಗೆ 'ಎಡೆ ಪಾರ್ಟಿ' ಎಂದು ಹೆಸರೇ ಬಿತ್ತು. ಎಡೆ ಪಾರ್ಟಿಗೆ ಬಲ ಕೊಡಬೇಕಾದ ನಮ್ಮತ್ತೆ ಮಾತ್ರ ಬಾಯಿಯೇ ಬಿಡಲಿಲ್ಲ. ಅರಸೀಕೆರೆ ಕಡೆ ತಲೆ ಹಾಕಲಿಲ್ಲ. ಫೋನು ಮಾಡಿ ಯಾವ ಹೊಸ ಸಿನಿಮಾದ ಹೆಸರು ಹೇಳಿದರೂ, "ನೀನು ನೋಡ್ಕ ಹೋಗು" ಎನ್ನುತ್ತಿದ್ದಳು. ಅವಳ ಬೈಗುಳವಿಲ್ಲದೆ ಸಿನಿಮಾ ನೋಡುವುದು ನನಗೂ ಸಪ್ಪೆಯಾಯಿತು. ಜನ ನಕ್ಕದ್ದಕ್ಕೆ ನೊಂದಿದ್ದಾಳೆ ಎಂದುಕೊಂಡು ನಾನೂ ಮರುಗಿದೆ.

ಒಂದು ದಿನ ಅದೇ ಸಿನಿಮಾ ಇನ್ನೇನು ಎತ್ತಂಗಡಿಯಾಗುತ್ತದೆ ಎನ್ನುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಬಾರೇ. ಅವ್ನು ವಾಪಸ್ ಬರೋದು ಇನ್ನೊಂದ್ಸಲ ನೋಡ್ಬೇಕು" ಎಂದಳು.

ಥಿಯೇಟರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಧೂಳೆದ್ದಿತು, ಕುದುರೆ ಬಂತು. ಈ ಸಲ ಶಿಳ್ಳೆ ಹಾಕುವವರು ಯಾರೂ ಇರಲಿಲ್ಲ. ಅತ್ತೆ ಮುಂದೆ ಬಾಗಿ ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಪಿಸುದನಿಯಲ್ಲಿ ಕೇಳಿದಳು.

"ನಗ್ತಾವ್ನೆ ಅಲ್ವೇನೇ?"

"ಹೂಂ ಅತ್ತೆ, ನಗ್ತಿದಾನೆ."

"ಇವ್ರೆಲ್ಲ ನಾನು ಸತ್ತೆ ಅಂದ್ಕಂಡ್ರಲ್ಲ ಅಂತ ಸಿಟ್ಟಿಲ್ಲ ಅಲ್ವಾ ಅವ್ನಿಗೆ?"

"ಇಲ್ಲ ಅತ್ತೆ."

"ಎಡೆ ಇಕ್ಕಿದ್ರೂ ಬಂದ" ಎಂದಳು. ಆಮೇಲೆ ಅದನ್ನೇ ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡಳು. ಸಿನಿಮಾ ಮುಗಿದ ಮೇಲೆ ಲೈಟಿನವರ ಹೆಸರುಗಳನ್ನು ಒಂದೂ ಬಿಡದೆ ಓದಿ ಹೇಳಿದೆ. ಅವುಗಳಲ್ಲಿ ಚಿಕ್ಕಪ್ಪನ ಹೆಸರು ಇರಲಿಲ್ಲ.

ಈ ವರ್ಷದ ಮಹಾಲಯ ಅಮಾವಾಸ್ಯೆಗೆ ನಾನು ಕಣಕಟ್ಟೆಗೆ ಹೋಗುವಷ್ಟರಲ್ಲಿ ಅಡುಗೆಯೆಲ್ಲ ಆಗಿತ್ತು. ಅತ್ತೆ ನಡುಮನೆ ಸಾರಿಸಿ ಎಲೆ ಹಾಸುತ್ತಿದ್ದಳು. ಸಾಲಿನ ಕೊನೆಯಲ್ಲಿ ಒಂದು ಎಲೆ ಹೆಚ್ಚಾದದ್ದನ್ನು ಕಂಡು ಅಪ್ಪ ಹಣೆ ಗಟ್ಟಿಸಿಕೊಂಡರು. "ಈ ಸಲ ಯಾವ ಸಿನಿಮಾದಲ್ಲಿ ಯಾರು ಹೋದ್ರಕ್ಕ?"

ಅತ್ತೆ ಆ ಎಲೆಗೆ ಬಿಸಿ ಮುದ್ದೆ ಇಟ್ಟಳು, ಪಕ್ಕದಲ್ಲಿ ಹುರುಳಿಕಾಳಿನ ಬಸ್ಸಾರು ಬಿಟ್ಟಳು. "ಸಿನಿಮಾದೋರಲ್ಲ ಕಣಪ್ಪ. ನಮ್ಮುಡುಗ್ನೇ" ಎಂದಳು.

ಅಪ್ಪ ಗೋಡೆಗೆ ಒರಗಿ ನಿಂತರು. ಇಷ್ಟು ವರ್ಷ ಹಾಕು ಹಾಕು ಎಂದು ಪೀಡಿಸಿದವರು ಅವರೇ. ಈಗ ಎಲೆಯನ್ನು ಕಣ್ಣೆದುರಿಗೆ ಕಂಡ ಮೇಲೆ ಅವರಿಗೆ ಅದನ್ನು ನೋಡಲಾಗಲಿಲ್ಲ. ಬೇಡ, ತೆಗೆದುಬಿಡು ಎಂದು ಹೇಳಿಬಿಡುತ್ತಾರೇನೋ ಅನ್ನಿಸಿತು ನನಗೆ. ಹೇಳಲಿಲ್ಲ. ಅತ್ತೆ ಹಿರಿಯರಿಗೆ ಹೊಸ ಪಂಚೆ, ಸೀರೆಗಳನ್ನು ಇಟ್ಟ ಮೇಲೆ ಪೆಟ್ಟಿಗೆಯಿಂದ ಒಂದು ಹೊಸ ಅಂಗಿ ತೆಗೆದು ಆ ಎಲೆಯ ಮುಂದೆ ಇಟ್ಟಳು. ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು, ಹಿರಿಯರು ಬಂದು ಉಣ್ಣಲಿ ಎಂದು ಪದ್ಧತಿಯಂತೆ ಬಾಗಿಲು ಮುಚ್ಚಿಕೊಂಡು ಹೊರಗಿನ ಜಗುಲಿಯ ಮೇಲೆ ಬಂದು ಕೂತೆವು.

ಹೊತ್ತು ಮುಳುಗುತ್ತಿತ್ತು. ನಾನು ಕೇಳಿದೆ, "ಅತ್ತೆ, ಚಿಕ್ಕಪ್ಪ ಕಡ್ಡಿ ಹಂಗಿದ್ದ ಅಂತಿದ್ರಿ ಎಲ್ರೂ. ಅಂಗಿ ಅಷ್ಟು ದೊಡ್ಡದು ಯಾಕೆ ತಂದೆ?"

ಅತ್ತೆ ನನ್ನನ್ನು ದಡ್ಡಿಯೆಂಬಂತೆ ನೋಡಿದಳು.

"ಐವತ್ತು ದಾಟಿರ್ತದಲ್ಲೇ ಈಗ ಅವ್ನಿಗೆ. ಹೊಟ್ಟೆ ಬಂದಿರ್ತದೆ."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಎದ್ದು ಹೋಗಿ, ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಅಕ್ಕನ ಪಕ್ಕದಲ್ಲಿ ಕೂತರು.